ಲಾಂಡ್ರಿ ಅಂಗಡಿಯ ಗುಬ್ಬಿ

ಮಗುವನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗುವುದು? ದುಡಿಯುವ ತಾಯಂದಿರಿಗೆಲ್ಲ ಇದೇ ತಲೆನೋವು. ಮೂಲೆ ಲಾಂಡ್ರಿಯವರಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಮೂರು ವರ್ಷ ತುಂಬಿದ ಅವರ ಮಗು ಗುಬ್ಬಿ ಅಂಗಡಿಯಲ್ಲೇ ಬೆಳೆಯುತ್ತಿದ್ದಳು. ಇಸ್ತ್ರಿ ಮೇಜಿನಿಂದ ದೂರದಲ್ಲಿ, ಒಗೆದ ಹೊದಿಕೆಗಳ ದೊಡ್ಡ ಬುಟ್ಟಿಯೊಳಗೆ ಕೂತು ಮೊಬೈಲ್ ನೋಡುತ್ತಿದ್ದಳು. ಅಳುವಿಲ್ಲ, ಹಟವಿಲ್ಲ.

“ನನ್ನ ಮೊಮ್ಮಗಳು ಬಂಗಾರ. ಇದ್ದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ,” ಎಂದು ಅಜ್ಜಿ ಗಿರಾಕಿಗಳ ಮುಂದೆ ಹೊಗಳುತ್ತಿದ್ದಳು. ಅಂಗಡಿಗೆ ಅವಳೇ ಯಜಮಾನಿ. ಮಗ ಬಟ್ಟೆಗಳನ್ನು ಮನೆಮನೆಗೆ ತಲುಪಿಸುತ್ತಿದ್ದ, ಸೊಸೆ ಇಸ್ತ್ರಿ ಮಾಡುತ್ತಿದ್ದಳು.

ಆ ಅಂಗಡಿಯಲ್ಲಿ ಒಗೆಯುವ ಯಂತ್ರಗಳು ಓಡುವಾಗ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಕೂಗಿ ಕೂಗಿ ಗಂಟಲು ಕೆಟ್ಟ ಮೇಲೆ ಅಜ್ಜಿ ಕೈಸನ್ನೆಗಳನ್ನು ರೂಢಿಗೆ ತಂದಿದ್ದಳು. ಅಂಗೈ ಅಡ್ಡ ಹಿಡಿದರೆ ‘ಸಾಕು’. ಎರಡು ಮುಷ್ಟಿ ತಿರುಚಿದರೆ ‘ಹಿಂಡು’. ಬೆರಳ ತುದಿ ಊದಿದರೆ ‘ಬಿಸಿ, ಹುಷಾರು’. ಬೆಳಗಿನಿಂದ ಸಂಜೆಯವರೆಗೆ ಮನೆಯವರದೆಲ್ಲ ಇದೇ ಸಂಭಾಷಣೆ. ಗುಬ್ಬಿಯದೂ ಇದೇ.

ತನ್ನ ಸಮವಸ್ತ್ರ ಒಗೆಯಲು ಕೊಡಲು ಬಂದ ನರ್ಸಕ್ಕ ಒಂದು ದಿನ ಗುಬ್ಬಿಗೆ ಬಿಸ್ಕತ್ತು ಕೊಟ್ಟಳು. ಕಿವಿಯ ಬಳಿ ಬಾಗಿ ಕೇಳಿದಳು, “ಇನ್ನೊಂದು ಬೇಕಾ ಪುಟ್ಟಿ?”

ಗುಬ್ಬಿ ಅಂಗೈ ಅಡ್ಡ ಹಿಡಿದಳು.

“ಬಾಯಲ್ಲಿ ಹೇಳು, ಕಂದಾ.”

ಮತ್ತೆ ಅದೇ ಅಂಗೈ. ನರ್ಸಕ್ಕ ಸೊಸೆಯನ್ನು ಹೊರಗೆ, ಸದ್ದಿಲ್ಲದ ಕಡೆಗೆ ಕರೆದಳು. “ಇವಳಿಗೆ ಏನೇನು ಮಾತು ಬರುತ್ತೆ?”

ಸೊಸೆ ಬೆರಳು ಮಡಚುತ್ತಾ ಹೋದಳು. ಅಮ್ಮ, ನೀರು, ಬಾ... ಬೆರಳು ಮುಗಿಯುವ ಮೊದಲೇ ಪದಗಳು ಮುಗಿದವು. ಅವಳು ಅಂಗಡಿಯೊಳಗಿನ ಬುಟ್ಟಿಯ ಕಡೆ ತಿರುಗಿ ನೋಡಿದಳು.

“ಹೆದರಬೇಡ. ಆದ್ರೆ ಕಾಯಲೂಬೇಡ. ಈ ವಯಸ್ಸಿಗೆ ಸಾಮಾನ್ಯವಾಗಿ ಮಕ್ಕಳು ಮೂರು ನಾಲ್ಕು ಪದ ಸೇರಿಸಿ ಮಾತಾಡ್ತಾರೆ. ಮೊದಲು ಕಿವಿ ಪರೀಕ್ಷೆ ಮಾಡಿಸು.”

ಕಿವಿಯಲ್ಲಿ ದೋಷವಿರಲಿಲ್ಲ. “ಮೊಬೈಲ್ ಬಿಡಿಸಿ. ಇವಳ ಜೊತೆ ಮಾತಾಡೋ ಜನ ಬೇಕು, ಆಡೋಕೆ ಮಕ್ಕಳು ಬೇಕು. ಕೆಲವು ತಿಂಗಳಲ್ಲಿ ಸುಧಾರಿಸದಿದ್ರೆ ಮಾತಿನ ತಜ್ಞರಿಗೆ ತೋರಿಸೋಣ,” ಎಂದರು ವೈದ್ಯರು.

ಅಜ್ಜಿ ಒಪ್ಪಲಿಲ್ಲ. “ಇವಳಪ್ಪನೂ ತಡವಾಗೇ ಬಾಯಿ ಬಿಟ್ಟ. ಈಗ ನಿಲ್ಲಿಸೋ ಅಂದ್ರೂ ನಿಲ್ಲಿಸಲ್ಲ!”

“ಅಜ್ಜಿ, ಹಿಂದಿನ ಬೀದೀಲಿ ಶಿಶುವಿಹಾರ ಇದೆಯಲ್ಲ,” ಎಂದಳು ಬೆಳಿಗ್ಗೆ ಯಂತ್ರ ಹಾಕುವ ಮೊದಲೇ ಬಟ್ಟೆ ಒಯ್ಯಲು ಬಂದ ನರ್ಸಕ್ಕ. “ಮೂರು ತುಂಬಿದ ಮಕ್ಕಳಿಗೆ ಬೆಳಗಿನ ಹೊತ್ತಿನ ಖರ್ಚು ಸರ್ಕಾರದ್ದು. ಮಧ್ಯಾಹ್ನದ ಮೇಲೂ ಬಿಡಬೇಕಂದ್ರೆ ಮಾತ್ರ ನೀವು ಕೊಡಬೇಕು.”

“ಬಿಟ್ಟಿ ಜಾಗ! ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಎಲ್ಲಿದೆ?”

“ಬಿಟ್ಟಿ ಅಂದೋರು ಯಾರು? ಸೋಪು ಕೊಳ್ಳುವಾಗ ನೀವು ತೆರಿಗೆ ಕಟ್ಟಲ್ವಾ? ಅದೇ ದುಡ್ಡು. ಅದನ್ನ ತಗೊಳ್ಳೋ ಶಿಶುವಿಹಾರ ನಿಯಮದ ಪ್ರಕಾರ ನಡೀಬೇಕು. ಟೀಚರಿಗೆ ತರಬೇತಿ ಆಗಿರಬೇಕು. ಒಬ್ಬೊಬ್ಬರ ಕೈಗೆ ಇಷ್ಟೇ ಮಕ್ಕಳು ಅಂತ ಮಿತಿ ಇದೆ. ತಪಾಸಣೆ ಆಗುತ್ತೆ.”

“ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತೆ, ತಾಯಿ.”

“ಹಾಗಾದ್ರೆ ಹೋಗಿ ನೋಡಿ. ಅಂಗಿ ನೋಡೋ ಹಾಗೆ ನೋಡಿ.”

ಅಜ್ಜಿ ಅಂಗಿ ನೋಡುವ ರೀತಿ ಊರಿಗೇ ಗೊತ್ತು. ಹೊರಗಿನ ಬಿಳುಪು ಅವಳಿಗೆ ಲೆಕ್ಕಕ್ಕಿಲ್ಲ. ಕಾಲರ್ ಮಗುಚಿ ಒಳಗಿನ ಕೊಳೆ ಹುಡುಕುತ್ತಾಳೆ. ಆದರೂ ಅವಳು ಏಳಲಿಲ್ಲ. “ಕೆಲಸದ ಹೊತ್ತಲ್ಲಿ ಎಲ್ಲಿಗೆ ಹೋಗೋದು?”

ಸೊಸೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. “ಅತ್ತೆ, ಬಟ್ಟೆ ಇವತ್ತು ಸುಕ್ಕಾಗಿದ್ರೆ ನಾಳೆ ಇಸ್ತ್ರಿ ಮಾಡಬಹುದು. ಇವಳ ವಯಸ್ಸು ನಾಳೆಗೆ ಕಾಯಲ್ಲ. ನೀವು ಬಂದ್ರೆ ಜೊತೆಗೆ ಹೋಗೋಣ. ಬರದಿದ್ರೆ ನಾನೊಬ್ಬಳೇ ಹೋಗ್ತೀನಿ.”

ಸೊಸೆಯ ಈ ದನಿಯನ್ನು ಅಜ್ಜಿ ಹಿಂದೆಂದೂ ಕೇಳಿರಲಿಲ್ಲ. ಚಪ್ಪಲಿ ಮೆಟ್ಟಿದಳು. ಸೊಸೆ ಗುಬ್ಬಿಯನ್ನು ಎತ್ತಿಕೊಂಡಳು. ಆದರೆ ಅಜ್ಜಿ ಹೊರಟಿದ್ದು ದೊಡ್ಡ ರಸ್ತೆಯ ಕಡೆಗೆ. “ದುಡ್ಡು ಕೊಟ್ಟು ಸೇರಿಸೋ ಜಾಗ ಮೊದಲು ನೋಡೋಣ.”

ಅಲ್ಲಿ ಬಣ್ಣದ ಗೇಟು, ಹೊಳೆಯುವ ನೆಲ. ಮಕ್ಕಳು ಸಾಲಾಗಿ ಕೂತು ಅಕ್ಷರ ತಿದ್ದುತ್ತಿದ್ದರು. ಅಷ್ಟೂ ಮಕ್ಕಳಿಗೆ ಒಬ್ಬಳೇ ಆಯಾ. ಸೂಜಿ ಬಿದ್ದರೂ ಕೇಳುವಷ್ಟು ಮೌನ.

“ನೋಡು, ಎಲ್ಲಾ ಬಂಗಾರದಂಥ ಮಕ್ಕಳು,” ಎಂದಳು ಅಜ್ಜಿ.

“ಅತ್ತೆ, ಇಲ್ಲೂ ಯಾರೂ ಮಾತಾಡ್ತಿಲ್ಲ.”

ಅಜ್ಜಿ ಬಂದ ದಾರಿಗೆ ತಿರುಗಿದಳು. ಮೂವರೂ ಹಿಂದಿನ ಬೀದಿಗೆ ಬಂದರು.

ಶಿಶುವಿಹಾರದ ಗೋಡೆಯ ಸುಣ್ಣ ಮಾಸಿತ್ತು. ಗದ್ದಲ ಮಾತ್ರ ರಸ್ತೆಗೇ ಕೇಳುತ್ತಿತ್ತು. “ಇದೇನು ಸಂತೆ!” ಎನ್ನುತ್ತಲೇ ಅಜ್ಜಿ ತನ್ನ ತಪಾಸಣೆ ಶುರು ಮಾಡಿದಳು. ನೇರವಾಗಿ ಶೌಚಾಲಯಕ್ಕೆ ಹೋದಳು. ತೊಳೆದಿತ್ತು. ನಲ್ಲಿ ಮಕ್ಕಳ ಕೈಗೆಟುಕುವ ಎತ್ತರದಲ್ಲಿತ್ತು. ಗೇಟಿನ ಚಿಲಕ ಎಟುಕುವಂತಿರಲಿಲ್ಲ. ತಪಾಸಣೆಯ ವರದಿಯನ್ನು ಬಾಗಿಲಲ್ಲೇ ಅಂಟಿಸಿದ್ದರು. ಒಳಗೆ ಮಕ್ಕಳು ಚಿಕ್ಕ ಚಿಕ್ಕ ಗುಂಪುಗಳಲ್ಲಿದ್ದರು. ಪ್ರತಿ ಗುಂಪಿನ ನಡುವೆ ಒಬ್ಬ ಟೀಚರ್ ನೆಲದ ಮೇಲೇ ಕೂತಿದ್ದಳು.

“ಆಟ ಆಡಿಸೋಕೆ ತರಬೇತಿ ಬೇರೆ ಬೇಕಾ?” ಅಜ್ಜಿ ಗೊಣಗಿದಳು.

ಅಷ್ಟರಲ್ಲಿ ನೀರಿನ ತೊಟ್ಟಿಯ ಬಳಿ ಆಡಹೋದ ಗುಬ್ಬಿಯ ಅಂಗಿಯ ತೋಳು ನೆನೆಯಿತು. ಅವಳು ಟೀಚರ್ ಕಡೆ ತಿರುಗಿ ಎರಡು ಮುಷ್ಟಿ ತಿರುಚಿದಳು.

“ಇದಕ್ಕೆ ಏನರ್ಥ, ಅಜ್ಜಿ?” ಟೀಚರ್ ಕೇಳಿದಳು.

“ಹಿಂಡು ಅಂತ. ನಮ್ಮ ಅಂಗಡೀಲಿ ಹಾಗೇ ಹೇಳೋದು.”

ಟೀಚರ್ ಗುಬ್ಬಿಯ ಎದುರು ಕೂತು, ಕಣ್ಣಿಗೆ ಕಣ್ಣು ಕೊಟ್ಟು, ತಾನೂ ಮುಷ್ಟಿ ತಿರುಚಿದಳು. “ಹಿಂಡೋಣ! ತೋಳು ಒದ್ದೆ ಆಯ್ತಾ? ನೀರು ಹಿಂಡೋಣ.” ಹಿಂಡುವಾಗಲೂ ಅದೇ ಮಾತು, ಹಿಂಡಿದ ಮೇಲೂ ಅದೇ ಮಾತು. ಗುಬ್ಬಿ ಟೀಚರ್ ತುಟಿಯನ್ನೇ ನೋಡುತ್ತಿದ್ದಳು. ಅವಳ ತುಟಿಗಳೂ ಅಲುಗಿದವು. ಸ್ವರ ಹೊರಡಲಿಲ್ಲ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಲರ್ ಒಳಗೂ ಕೊಳೆ ಇರಲಿಲ್ಲ. “ಇವಳ ಸನ್ನೆ ಎಲ್ಲಾ ನಿನಗೆ ಹೇಳಿಕೊಡ್ತೀನಿ ಕೂತ್ಕೋ ತಾಯಿ,” ಎಂದಳು.

ಮೊದಲ ದಿನಗಳಲ್ಲಿ ಗುಬ್ಬಿ ಬೀದಿಯುದ್ದಕ್ಕೂ ಅತ್ತಳು. ಅಜ್ಜಿಯ ಮನಸ್ಸು ಡೋಲಾಯಮಾನವಾಯಿತು, ಸೊಸೆಯದು ಆಗಲಿಲ್ಲ. ಮೊಬೈಲ್ ಕಪಾಟು ಸೇರಿತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಮನೆಯವರು ಸನ್ನೆ ಬಿಟ್ಟು ಬಾಯಲ್ಲೇ ಮಾತಾಡಬೇಕೆಂಬ ಕಟ್ಟಪ್ಪಣೆಯಾಯಿತು. ಅಪ್ಪನಿಗಂತೂ ಹಬ್ಬ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅಜ್ಜಿ ಯಂತ್ರದ ಪಕ್ಕ ನಿಂತೇ ಊಟದ ಡಬ್ಬಿ ತೆರೆದಳು. ಶಿಶುವಿಹಾರದಿಂದ ಬಂದ ಗುಬ್ಬಿ ಅವಳ ಸೀರೆ ಜಗ್ಗಿ ಏನೋ ಕೂಗಿದಳು. ಕೇಳಿಸಲಿಲ್ಲ. ಅಜ್ಜಿ ಅಭ್ಯಾಸಬಲದಿಂದ ಅಂಗೈ ಅಡ್ಡ ಹಿಡಿದಳು. ಗುಬ್ಬಿ ಬಿಡಲಿಲ್ಲ. ಇನ್ನೂ ಜೋರಾಗಿ ಕೂಗಿದಳು.

ಗಿರಾಕಿ ಬಂದರೂ, ಮಗ ಕರೆದರೂ ಅಜ್ಜಿ ಕೆಲಸದ ನಡುವೆ ಯಂತ್ರ ನಿಲ್ಲಿಸಿದವಳಲ್ಲ. ಅಂದು ನಿಲ್ಲಿಸಿದಳು.

“ಅಜ್ಜಿ, ಮೊದಲು ಕೈ ತೊಳ್ಕೋ. ಆಮೇಲೆ ತಿನ್ನು!”

“ಊರಿನ ಬಟ್ಟೇನೆಲ್ಲ ತೊಳೆಯೋ ನನಗೇ ತೊಳೆಯೋಕೆ ಹೇಳ್ತೀಯಾ, ಘಾಟಿ!” ಎನ್ನುತ್ತಾ ಅಜ್ಜಿ ನಲ್ಲಿಯ ಕಡೆ ನಡೆದಳು. ಯಂತ್ರ ಮತ್ತೆ ಹಾಕಲು ಯಾರಿಗೂ ಅವಸರವಿರಲಿಲ್ಲ.

ಓದುಗರೇ, ನಿಮ್ಮ ಮನೆಯಲ್ಲೂ ‘ಬಂಗಾರದಂಥ’ ಮೌನದ ಮಗು ಇದೆಯೇ? ಕೆಲಸ ಪಕ್ಕಕ್ಕಿಟ್ಟು ಅದರ ಮಾತು ಕೇಳಿ. ಅನುಮಾನ ಬಂದರೆ ಕಿವಿ ಪರೀಕ್ಷೆ ಮಾಡಿಸಿ. ಸರ್ಕಾರದ ಹಣದಲ್ಲಿ ನಡೆಯುವ ಶಿಶುವಿಹಾರ ಹತ್ತಿರದಲ್ಲಿ ಎಲ್ಲಿದೆ, ಯಾವ ವಯಸ್ಸಿಗೆ, ಎಷ್ಟು ಹೊತ್ತು ಎಂದು ವಿಚಾರಿಸಿ. ನಿಯಮ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಸೇರಿಸುವ ಮೊದಲು ಒಳಗೆ ಹೋಗಿ ನೋಡಿ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಆಕೆಗೆ ತರಬೇತಿ ಆಗಿದೆಯೇ? ಮಕ್ಕಳು ಆಡುತ್ತಿದ್ದಾರೆಯೇ, ಮಾತಾಡುತ್ತಿದ್ದಾರೆಯೇ? ಉತ್ತರ ಕೊಡದಿದ್ದರೆ ಮತ್ತೆ ಕೇಳಿ. ಕೇಳಲು ಸಂಕೋಚ ಬೇಡ. ಅಲ್ಲಿ ಖರ್ಚಾಗುವುದು ನಿಮ್ಮದೇ ಹಣ, ಬೆಳೆಯುವುದು ನಿಮ್ಮದೇ ಮಗು.