ಐರ್ಲೆಂಡಿಗೆ ಹೋದ ಬಾಗಿನ

ನಮ್ಮ ಯಜಮಾನರು ಮಲ್ಲಿಕಾರ್ಜುನಯ್ಯನವರಿಗೆ ಕಡೂರಿನಲ್ಲಿ ಕೊಬ್ಬರಿ ಮಂಡಿ ಇತ್ತು. ಆದರೆ ಯಾರಾದರೂ ಅವರನ್ನು ಕೊಬ್ಬರಿ ವ್ಯಾಪಾರಿ ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಅವರು ಕಲಾವಿದರು. ಊರಿನ ನಾಲ್ಕು ಜನರನ್ನು ಸೇರಿಸಿ ಫೋಟೋ ಸಂಘ ಕಟ್ಟಿ, ತಾವೇ ಅಧ್ಯಕ್ಷರಾಗಿ, ವಾರ್ಷಿಕೋತ್ಸವದಲ್ಲಿ ತಮಗೇ ಶಾಲು ಹೊದಿಸಿಕೊಂಡಿದ್ದರು. ಮದುವೆಯಾದ ಮೇಲೆ ನನ್ನದೊಂದು ಫೋಟೋ ತೆಗೆದವರಲ್ಲ. ಬಿದ್ದ ಗೋಡೆ, ಒಣಗಿದ ಮರ, ತುಕ್ಕು ಹಿಡಿದ ಬೀಗ, ಇಂಥವು ಕಂಡರೆ ಮಾತ್ರ ಕ್ಯಾಮೆರಾ ಹೊರಗೆ ಬರುತ್ತಿತ್ತು.

೧೯೮೪ರಲ್ಲಿ ಈ ಕಲಾವಿದರು ಐರ್ಲೆಂಡಿಗೆ ಹೋದರು. ನನ್ನ ತಂಗಿ ಪಂಕಜಾಕ್ಷಿ ಅಲ್ಲಿ ನರ್ಸು. ಅಕ್ಕ ಭಾವ ಇಬ್ಬರೂ ರಜೆಗೆ ಬನ್ನಿ ಎಂದು ಕರೆದಿದ್ದಳು. ನಾನು ಜೊತೆಗಿದ್ದರೆ ಏಕಾಗ್ರತೆ ಕೆಡುತ್ತದೆ ಎಂದು ಇವರು ಒಬ್ಬರೇ ಹೊರಟರು. ನನ್ನ ಪಾಲಿನ ಸೂಟ್‌ಕೇಸಿನಲ್ಲಿ ಲೆನ್ಸುಗಳು ಹೋದವು.

ಪಂಕಜಾಕ್ಷಿ ಜಾತಿ ಬಿಟ್ಟು ಮದುವೆಯಾದವಳು. ಅಜ್ಜಂಪುರದಲ್ಲಿದ್ದ ನಮ್ಮಮ್ಮ ತೀರ್ಥಮ್ಮ ಅಂದಿನಿಂದ ಅವಳ ಹೆಸರೆತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಕೊಡುವ ಬಾಗಿನವನ್ನೂ ನನಗೊಬ್ಬಳಿಗೇ ಕೊಡುತ್ತಿದ್ದಳು. ತವರಿನ ಬಾಗಿನ ಬರಲಿಲ್ಲವೆಂದರೆ ಆ ಮನೆಯ ಬಾಗಿಲು ಮುಚ್ಚಿದೆ ಎಂದು ಯಾವ ಹೆಣ್ಣಿಗೂ ಬಿಡಿಸಿ ಹೇಳಬೇಕಿಲ್ಲ. ಆ ವರ್ಷ ಇವರು ಹೊರಡುವ ಸುದ್ದಿ ಕೇಳಿ ಅಮ್ಮ ತಾನಾಗಿಯೇ ಬಸ್ಸು ಹತ್ತಿ ಬಂದಳು. ವಿಮಾನದಲ್ಲಿ ಮೊರ ಹೊತ್ತುಕೊಂಡು ಹೋಗೋಕಾಗಲ್ಲ ಎಂದು ಇವರು ಮೂಗು ಮುರಿದರು. ಅಮ್ಮ ತನ್ನ ಮದುವೆ ಸೀರೆಯ ಕೆಂಪು ಸೆರಗನ್ನು ಕತ್ತರಿಸಿ ಚೀಲ ಹೊಲಿದಳು. ಅಕ್ಕಿ, ಬೇಳೆ, ಕೊಬ್ಬರಿ, ಬಳೆ, ರವಿಕೆ ಕಣ ತುಂಬಿ ಇವರ ಕೈಗಿಟ್ಟಳು.

ಹಬ್ಬ ಕಳೆದ ಮೇಲೆ ಇವರು ವಾಪಸಾದರು. ಅಮ್ಮ ಬಂದು ಬಾಗಿಲಲ್ಲೇ ಕೇಳಿದಳು.

"ಕೊಟ್ರಾ ಅಳಿಯಂದ್ರೇ?"

"ಕೊಟ್ಟೆ ಅತ್ತೆ."

"ಏನಂದ್ಲು?"

"ಏನೂ ಅನ್ಲಿಲ್ಲ." ಇಷ್ಟು ಹೇಳಿ ಇವರು ಫಿಲ್ಮಿನ ಡಬ್ಬಿಗಳನ್ನು ಎಣಿಸತೊಡಗಿದರು.

ಅಮ್ಮ ಅಡುಗೆಮನೆಗೆ ಬಂದು ಕೂತಳು. ನಾನು ಪಂಕಜಾಗೆ ಬರೆದು ಕೇಳುತ್ತೇನೆ ಅಂದೆ.

"ಬೇಡ ಕಣೇ ಪ್ರೇಮಾ. ಇಷ್ಟು ವರ್ಷ ನಾನು ಬಾಗ್ಲು ಹಾಕ್ಕೊಂಡೆ, ಈಗ ಅವಳು ಹಾಕ್ಕೊಂಡ್ಲು. ಅದನ್ನ ಕಾಗದದಲ್ಲಿ ಬೇರೆ ಓದ್ಬೇಕಾ?"

ಸ್ಲೈಡುಗಳು ತೊಳೆದು ಬಂದ ಭಾನುವಾರ ಸಂಜೆ ನಮ್ಮ ಹಜಾರದಲ್ಲಿ ಪ್ರದರ್ಶನ. ಗೋಡೆಗೆ ನನ್ನ ಒಳ್ಳೆಯ ಬಿಳಿ ಹೊದಿಕೆ ಕಟ್ಟಿದರು. ಸಂಘದ ಸದಸ್ಯರು, ಮಂಡಿಯ ಪಾಲುದಾರ ಗುಲಾಮ್ ಮೊಹಿದ್ದೀನ್ ಸಾಹೇಬರು, ಅಕ್ಕಪಕ್ಕದವರು ಎಲ್ಲ ಬಂದರು. ಅಮ್ಮ ಮಗಳ ಮುಖವನ್ನಾದರೂ ನೋಡೋಣ ಎಂದು ಮುಂದಿನ ಸಾಲಿನಲ್ಲೇ ಕೂತಳು.

ಮೊದಲು ಬಂಡೆ. ಆಮೇಲೆ ಬಂಡೆಗೆ ಹೊಡೆಯುವ ಸಮುದ್ರ. ಆಮೇಲೆ ಸಮುದ್ರ ಹಿಂದೆ ಸರಿದ ಮೇಲೆ ಅದೇ ಬಂಡೆ. ಸೂರಿಲ್ಲದ ಚರ್ಚು, ಬಾಗಿಲಿಲ್ಲದ ಕೋಟೆ, ಅರ್ಧ ಕುಸಿದ ಗೋಪುರ. ಪ್ರತಿಯೊಂದಕ್ಕೂ ಇವರು ಬೆಳಕು ನೆರಳು ಎಂದು ಪುರಾಣ ಬಿಚ್ಚುತ್ತಿದ್ದರು. ತರೀಕೆರೆ ಕಡೆ ಯಾವುದೇ ಪಾಳು ಮಂಟಪದ ಮುಂದೆ ನಿಂತಿದ್ದರೂ ಇಷ್ಟು ಸಿಗುತ್ತಿತ್ತು, ಬಸ್ ಚಾರ್ಜಿನಲ್ಲೇ ಮುಗಿಯುತ್ತಿತ್ತು.

"ಸಾವ್ಕಾರ್ರೆ, ಅಲ್ಲಿ ಸೂರು ಹಾಕ್ಸೋಕೆ ಯಾರೂ ದಿಕ್ಕಿಲ್ವಾ?" ಎಂದು ಮೊಹಿದ್ದೀನ್ ಸಾಹೇಬರು ಕೇಳಿದರು. ನಾನೊಬ್ಬಳೇ ನಕ್ಕೆ.

"ಪಂಕಜಾ ಎಲ್ಲಿ?" ಎಂದಳು ಅಮ್ಮ.

"ನನ್ನ ಪಕ್ಕದಲ್ಲೇ ನಿಂತಿದ್ಲು ಅತ್ತೆ. ಫ್ರೇಮಿಗೆ ಅಡ್ಡ ಬಂದ್ಲು, ಸ್ವಲ್ಪ ಸರಿಯಮ್ಮ ಅಂದೆ. ಮನುಷ್ಯರು ಬಂದ್ರೆ ಪಾಳು ಕಟ್ಟಡದ ಗಾಂಭೀರ್ಯ ಹೋಗ್ಬಿಡುತ್ತೆ."

ಹಾಗೆ ಹೇಳಿದ ಬಾಯಿ ಮುಚ್ಚುವ ಮೊದಲೇ ಪರದೆಯ ಮೇಲೆ ಒಬ್ಬ ಮನುಷ್ಯ ಬಂದ. ಇವರೇ. ಕಡಲ ಅಂಚಿನ ಮುರುಕು ಗೋಡೆಯ ಮೇಲೆ ಕ್ಯಾಮೆರಾ ಇಟ್ಟು, ಒಂದು ಕಣ್ಣು ಮುಚ್ಚಿ ಬಗ್ಗಿದ್ದಾರೆ.

"ಇದು ನಾನು ಕೆಲಸದಲ್ಲಿ ಮುಳುಗಿದ್ದಾಗ. ಇನ್ನೊಂದು ಕ್ಯಾಮೆರಾ ಕೊಟ್ಟು ಪಂಕಜಾ ಕೈಲೇ ತೆಗೆಸ್ದೆ. ಪರವಾಗಿಲ್ಲ, ಚೆನ್ನಾಗೇ ತೆಗ್ದಿದಾಳೆ."

ಅಮ್ಮ ಎದ್ದಳು. ಪರದೆಯ ಹತ್ತಿರ ಹೋಗಿ ಕ್ಯಾಮೆರಾದ ಕೆಳಗೆ ಬೆರಳಿಟ್ಟಳು. ಕ್ಯಾಮೆರಾ ಕೂತಿದ್ದದ್ದು ಒಂದು ಕೆಂಪು ಚೀಲದ ಮೇಲೆ. ಅದರ ಜರಿ ಅಂಚು ಹಿಂದಿನ ಸಾಲಿನವರಿಗೂ ಕಾಣುತ್ತಿತ್ತು.

"ಇದು ನನ್ನ ಸೆರಗು" ಎಂದಳು.

ಇವರಿಗೆ ಉತ್ಸಾಹವೇ ಬಂತು. "ಹೌದು ಅತ್ತೆ. ಆ ಗಾಳಿಗೆ ಸ್ಟ್ಯಾಂಡ್ ನಿಲ್ಲೋದೇ ಇಲ್ಲ. ಅಕ್ಕಿ ಚೀಲ ಇಟ್ರೆ ಕ್ಯಾಮೆರಾ ಒಂಚೂರೂ ಅಲ್ಲಾಡಲ್ಲ. ಬಳೆ, ಕೊಬ್ಬರಿ ಒತ್ತುತಿದ್ವು, ತೆಗೆದ್ಹಾಕ್ದೆ. ಕೊನೇಲಿ ಮಳೆಗೆ ಅಕ್ಕಿ ನೆಂದ್ಹೋಯ್ತು. ನೆಂದ ಅಕ್ಕಿ ಹೇಗೆ ಕೊಡೋದು ಅಂತ ಸಮುದ್ರಕ್ಕೆ ಬಿಟ್ಟೆ."

ನನಗೆ ಆ ಪ್ರೊಜೆಕ್ಟರನ್ನು ಎತ್ತಿ ಅವರ ತಲೆಯ ಮೇಲೆ ಹಾಕಬೇಕೆನ್ನಿಸಿತು. ಆದರೆ ಅಮ್ಮನ ಮುಖ ನೋಡಿ ಸುಮ್ಮನಾದೆ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ಹಂಗಾದ್ರೆ ಅವಳಿಗೆ ಸಿಕ್ಕೇ ಇಲ್ಲ. ಅವಳು ಬೇಡ ಅನ್ಲಿಲ್ಲ ಕಣೇ ಪ್ರೇಮಾ."

ಮಾರನೆಯ ದಿನ ಅಮ್ಮ ಆ ಸ್ಲೈಡು ಬೇಕು ಅಂದಳು. ಅತ್ತೆಗೂ ಕೊನೆಗೆ ಕಲೆಯ ರುಚಿ ಹತ್ತಿತು ಎಂದು ಇವರು ಹಿಗ್ಗಿ, ಅದನ್ನು ರೇಷ್ಮೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಅಮ್ಮ ಹೇಳಿದಂತೆ ನಾನು ಅದನ್ನು ಪಂಕಜಾಗೆ ಕಳಿಸಿ, ಆ ಕೆಂಪು ಚೀಲ ಏನೆಂಬುದನ್ನು ಬರೆದೆ. ಐರ್ಲೆಂಡಿಗೆ ತಮ್ಮ ಚಿತ್ರ ಹೋಯಿತೆಂದು ಇವರು ಮಂಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಮುಂದಿನ ಗೌರಿ ಹಬ್ಬಕ್ಕೆ ಪಂಕಜಾ ಬಂದಳು. ಅಜ್ಜಂಪುರದ ಮನೆಯ ಹೊಸಿಲು ದಾಟುವ ಮುಂಚೆಯೇ ನನ್ನ ಕೈ ಹಿಡಿದುಕೊಂಡಳು.

"ಆ ಚೀಲಾನ ಬಂಡೆ ಮೇಲೆ ನಾನೇ ಹೊತ್ಕೊಂಡು ಹೋಗಿದ್ದೆ ಕಣೇ ಅಕ್ಕಾ. ಅಮ್ಮನ ಪೆಟ್ಟಿಗೆ ವಾಸನೆ ಬಂತು. ಇಷ್ಟು ದೂರ ಎಲ್ಲಿಂದ ಬರ್ಬೇಕು ಅಂತ ಸುಮ್ಮನಾದೆ."

ಅವಳು ಸ್ಲೈಡನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ತಂದಿದ್ದಳು. ಇವರು ಆತುರದಿಂದ ಕಾಗದ ಬಿಚ್ಚಿದರು. ಮುರುಕು ಗೋಡೆ, ಅದರ ಮೇಲೆ ಕೆಂಪು ಚೀಲ. ಕ್ಯಾಮೆರಾ ಇಲ್ಲ, ಕಲಾವಿದರಿಲ್ಲ. ಒಂದು ಮೂಲೆಯಲ್ಲಿ ಅವರ ಹೆಬ್ಬೆರಳಿನ ತುದಿ ಮಾತ್ರ ಉಳಿದಿತ್ತು.

"ಯಾರಮ್ಮ ಇದನ್ನ ಕತ್ತರಿಸಿದ್ದು?" ಇವರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ಮನುಷ್ಯನ್ನೇ ತೆಗ್ದು ಬಿಸಾಕಿದ್ರೆ ಚಿತ್ರದಲ್ಲಿ ಇನ್ನೇನುಳೀತು?"

ಅಮ್ಮ ಪಂಕಜಾಳ ಮೊರಕ್ಕೆ ಅಕ್ಕಿ ಸುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಿ ಉಳೀತು ಅಳಿಯಂದ್ರೇ" ಎಂದಳು.