ಕಂಬಿಯ ಕೆಳಗಿನ ಎಡೆ

ಮಾರಗೊಂಡನಹಳ್ಳಿಯ ಹಳೇ ಕೋರ್ಟಿನ ಹಿಂದಿದ್ದ ಜೈಲುಕೋಣೆಯ ಬೀಗವನ್ನು ಒಡೆದೇ ತೆಗೆಯಬೇಕಾಯಿತು. ಕೀಲಿಕೈ ಎಲ್ಲಿದೆಯೆಂದು ಬಲ್ಲವರು ಯಾರೂ ಬದುಕಿರಲಿಲ್ಲ. ಕಟ್ಟಡವನ್ನು ಮೊದಲಿದ್ದ ಹಾಗೆಯೇ ಉಳಿಸಬೇಕೆಂದು ಸರ್ಕಾರದ ಆದೇಶವಾಗಿತ್ತು. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಗಾರೆ ಅರೆಯಲು ಬಲ್ಲವನು ನಾಗಮಂಗಲದಿಂದ ಈಚೆಗೆ ಚಿಕ್ಕಮಾದಯ್ಯ ಒಬ್ಬನೇ. ಎಪ್ಪತ್ತು ದಾಟಿದ ಅವನು ಎರಡು ಸಲ ಬರುವುದಿಲ್ಲವೆಂದ. ಮೂರನೆಯ ಸಲ, ಬೇರೆ ಯಾರಾದರೂ ಆ ಗೋಡೆ ಕೆರೆದಾರೆಂಬ ಭಯಕ್ಕೆ ಒಪ್ಪಿಕೊಂಡ.

ಆ ಕೋಣೆಯಲ್ಲಿ ನಲವತ್ತೆರಡು ವರ್ಷಗಳ ಹಿಂದೆ ಅವನ ಗೆಳೆಯ ಬೋರಯ್ಯ ಸತ್ತಿದ್ದ. ನಾಲೆಯ ತೂಬು ಎತ್ತಿದನೆಂದು ಹಿಡಿದು ತಂದ ಪೊಲೀಸರು, ಬೆಳಗಾಗುತ್ತಲೇ, ಕಿಟಕಿಯ ಕಂಬಿಗೆ ಪಂಚೆ ಬಿಗಿದು ನೇಣು ಹಾಕಿಕೊಂಡನೆಂದರು. ತಾನಾಗಿ ಪ್ರಾಣ ಬಿಟ್ಟವನು ಹಿರಿಯರ ಸಾಲಿಗೆ ಸೇರನೆಂದು ಮನೆಯವರು ತೀರ್ಮಾನಿಸಿದರು. ಪಿತೃಪಕ್ಷದಲ್ಲಿ ಉಳಿದವರ ಎಡೆ ನಡುಮನೆಯಲ್ಲಾದರೆ ಬೋರಯ್ಯನದು ಕೊಟ್ಟಿಗೆಯಲ್ಲಿ. ಹೆಂಡತಿ ಪಾರ್ವತಮ್ಮ ಒಂದು ವರ್ಷವೂ ತಪ್ಪಿಸಲಿಲ್ಲ. ಗೆಳೆಯನೆಂದು ಚಿಕ್ಕಮಾದಯ್ಯನೂ ಉಣ್ಣಲು ಹೋಗುವುದನ್ನು ತಪ್ಪಿಸಲಿಲ್ಲ.

ಆದರೆ ಆ ಕಂಬಿಯನ್ನು, ಬೋರಯ್ಯ ಸತ್ತ ದಿನ ಮಧ್ಯಾಹ್ನ ಕೂರಿಸಿದವನು ಚಿಕ್ಕಮಾದಯ್ಯನೇ. ಅದಕ್ಕೆ ಮುಂಚೆ ಅಲ್ಲಿದ್ದದ್ದು ಕೈ ತೂರದಷ್ಟು ಸಣ್ಣ ಗವಾಕ್ಷಿ. ಕಂಬಿ ಕೂರಿಸಲು ಕರೆಸಿದ ಪೊಲೀಸರು, ಬಾಯಿ ಬಿಟ್ಟರೆ ನಿನಗೂ ಇದೇ ಕೋಣೆ ಎಂದಿದ್ದರು. ಅಂದಿನಿಂದ ಅಮಾವಾಸ್ಯೆಗೊಮ್ಮೆ ಆದಿಚುಂಚನಗಿರಿಗೆ ಹೋದರೂ ಅವನು ಭೈರವನ ಮುಂದೆ ಏನನ್ನೂ ಬೇಡಿಕೊಂಡವನಲ್ಲ. ಕೇಳಿದರೆ ಸ್ವಾಮಿ ತಿರುಗಿ ಕೇಳಿಯಾನೆಂದು ಕೈಮುಗಿದು ಸುಮ್ಮನೆ ಇಳಿದು ಬರುತ್ತಿದ್ದ.

ಈ ವರ್ಷ ಎಡೆಯ ದಿನ ಪಾರ್ವತಮ್ಮ ಬಾಳೆಲೆ ಮುಚ್ಚಿದ ತಟ್ಟೆ ಹಿಡಿದು ಜೈಲಿಗೇ ಬಂದಳು.

"ಜೀವ ಓದ ಜಾಗ್ದಲ್ಲೇ ಒಂದ್ಸಲ ಇಕ್ಕುಬುಟ್ಟು ಓಯ್ತೀನಿ ಕಣವ್ವ," ಎಂದು ಎಂಜಿನಿಯರ್ ಅಪರ್ಣಳನ್ನು ಕೇಳಿ, ಚಿಕ್ಕಮಾದಯ್ಯನತ್ತ ತಿರುಗಿದಳು. "ಏನ್ ಮಾದಣ್ಣ, ಸುಣ್ಣ ಬಳ್ಕೊಂಡು ದೆವ್ವ ಆಗೋಗಿದ್ದೀಯಲ್ಲಪ್ಪ! ಮಧ್ಯಾನಕ್ಕೆ ಊಟಕ್ ಬಂದ್ಬುಡು. ಹಲ್ಲಿಲ್ದೋನು ಅಂತ ನಿಂಗೆ ವಡೆ ಮೆತ್ತಗೆ ಮಾಡಿವ್ನಿ."

ಅಪರ್ಣ ಕಿಟಕಿಯ ಬುಡ ಕೆರೆದು ನೋಡುತ್ತಿದ್ದಳು. "ತಾತ, ಎಲ್ಲಾ ಕಡೆ ಗಾರೆ ಇದೆ, ಈ ಕಂಬಿ ಸುತ್ತ ಮಾತ್ರ ಸಿಮೆಂಟು. ಮೊದಲಿಂದ ಇದ್ದಿದ್ದಾದ್ರೆ ಉಳಿಸೋಣ. ಆಮೇಲೆ ಮಾಡಿದ್ದಾದ್ರೆ ಇವತ್ತೇ ಕಿತ್ತು ಮುಚ್ಚಿಬಿಡಿ."

ಆಮೇಲಿನದು ಎಂದಷ್ಟೇ ಅಂದರೆ ಸಾಕಿತ್ತು. ಸಂಜೆಯೊಳಗೆ ಕಂಬಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಚಿಕ್ಕಮಾದಯ್ಯ ಬಾಯಿ ತೆರೆದ. ಅಷ್ಟರಲ್ಲಿ ಪಾರ್ವತಮ್ಮ ಎಲೆ ಹಾಸಿ, ಕಂಬಿಯತ್ತ ಮುಖವೆತ್ತಿ, "ಒಳೀಕ್ ಕರ್ಯಕ್ಕೆ ಆಗ್ನಿಲ್ಲ, ತಪ್ಪು ತಿಳ್ಕಬ್ಯಾಡ. ಇಲ್ಲೇ ಉಣ್ಣು," ಎಂದಳು.

"ಬೋರ ಸತ್ತ ಮೇಲೆ ಕೂರ್ಸಿದ್ದು ಕಣವ್ವ," ಚಿಕ್ಕಮಾದಯ್ಯ ಅಪರ್ಣಳಿಗೆ ಹೇಳಿದ. "ಅವತ್ತೇ ಮಧ್ಯಾನ. ನಾನೇ ಕೂರ್ಸ್ದೆ. ಅವ್ನು ಸಾಯೋವಾಗ ಇಲ್ಲಿ ಕಂಬೀನೇ ಇರ್ನಿಲ್ಲ."

ಅನ್ನ ಬಡಿಸುತ್ತಿದ್ದ ಪಾರ್ವತಮ್ಮನ ಕೈ ನಿಂತಿತು.

"ಮತ್ತೆ ಎಂಗ್ ಸತ್ತ?"

"ಬೆನ್ ತುಂಬ ಬಾಸುಂಡೆ ಇತ್ತು. ಕಂಬಿ ಕೂರ್ಸೋವಾಗ ಇಲ್ಲೇ ಬಿದ್ದಿದ್ದ, ಕಣ್ಣಾರೆ ನೋಡ್ದೆ."

ಅವಳು ಅಳಲಿಲ್ಲ. ಎಲೆಯನ್ನು ಎತ್ತಿ ತಟ್ಟೆಗಿಟ್ಟುಕೊಂಡಳು.

"ನಲವತ್ತೆರಡು ವರ್ಸ ಅವ್ನ್ಗೆ ದನದ್ ಪಕ್ಕ ಇಕ್ಕಿದೆ. ನೀನು ನಡುಮನೇಲಿ ಕುಂತು ಉಂಡೆ."

ಬಾಗಿಲ ಬಳಿ ನಿಂತಳು, ತಿರುಗಿ ನೋಡಲಿಲ್ಲ.

"ಇವತ್ತು ಅವ್ನು ಒಳೀಕ್ ಬತ್ತಾನೆ. ನೀನು ಬರ್ಬ್ಯಾಡ."

ಅವಳು ಹೋದ ಮೇಲೆ ಚಿಕ್ಕಮಾದಯ್ಯ ಉಳಿ ಸುತ್ತಿಗೆ ತೆಗೆದುಕೊಂಡು ಕಂಬಿಯ ಬುಡಕ್ಕೆ ಇಟ್ಟ.

"ಮುಟ್ಟಬೇಡಿ ತಾತ," ಎಂದಳು ಅಪರ್ಣ. "ಇನ್ನು ಇದನ್ನ ಹೀಗೇ ಉಳಿಸಬೇಕು."

ಮಧ್ಯಾಹ್ನ ಕೂಲಿಯವರೆಲ್ಲ ಊಟಕ್ಕೆದ್ದರು. ಕಂಬಿಯ ಕೆಳಗೆ ನಾಲ್ಕು ಅಗುಳು ಬಿದ್ದಿದ್ದವು. ಚಿಕ್ಕಮಾದಯ್ಯ ಅವನ್ನು ಒಂದೊಂದಾಗಿ ಆರಿಸಿ, ಹೊರಗೆ ಒಯ್ದು ಕಾಗೆಗೆ ಹಾಕಿದ. ತಾನು ಉಣ್ಣಲಿಲ್ಲ.