ಪ್ರವಾಸಿಗರ ಮೆಟ್ಟಿಲು

“ಲೇ ಲೇ ಲೇ! ಆ ಕೈಯಲ್ಲಿ ನಲ್ಲಿ ಮುಟ್ತೀಯೇನೋ, ಬೋಳಿಮಗನೆ? ಬಂದೋರು ನೀರು ಕುಡಿಯೋ ಜಾಗ ಅದು!”

ಮುಳುಗ ಕೈ ಹಿಂದಕ್ಕೆ ತೆಗೆದುಕೊಂಡ. ಪಾರ್ಕಿನ ಮ್ಯಾನೇಜರ್ ಗೇಟಿನ ಕಡೆಯಿಂದ ಕೂಗುತ್ತಲೇ ಬಂದ. ಮುಳುಗನ ಕೈಗೆ ಆಗಿನ್ನೂ ಏನೂ ಅಂಟಿರಲಿಲ್ಲ. ಕರೆ ಬಂತೆಂದು ಮನೆಯಿಂದ ಓಡಿ ಬಂದಿದ್ದ, ಗಂಟಲು ಒಣಗಿತ್ತು, ಅಷ್ಟೇ. ಆದರೆ ಜಲಪಾತದ ಮಡುವಿನಿಂದ ಹೆಣ ತೆಗೆಯುವವನ ಮೈಲಿಗೆಗೆ ರಜೆ ಎಂಬುದಿಲ್ಲ. ಹಾರಿಕೊಂಡವರು, ಜಾರಿದವರು, ಫೋಟೊ ತೆಗೆಸಿಕೊಳ್ಳಲು ಹೋಗಿ ಒಂದು ಹೆಜ್ಜೆ ಜಾಸ್ತಿ ಹಿಂದಿಟ್ಟವರು, ಎಲ್ಲರನ್ನೂ ಮುಳುಗಿ ಮೇಲೆ ತಂದವನು ಅವನೇ. ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ಮುಳುಗ ಎಂಬುದೇ ನಿಂತುಬಿಟ್ಟಿತ್ತು.

“ಈ ಸಲ ಯಾರು ಸಾರ್?” ಎಂದು ಕೇಳಿದ.

ಮ್ಯಾನೇಜರ್ ತನ್ನ ಜೊತೆ ಬಂದಿದ್ದ ಸೇತುವೆಯ ಕಂಟ್ರಾಕ್ಟರನ ಮುಖ ನೋಡಿದ. ಕಂಟ್ರಾಕ್ಟರ್ ತನ್ನ ಬೂಟು ನೋಡಿಕೊಂಡ.

“ನಿಮ್ಮಕ್ಕನ ಗಂಡ ಕಣೋ. ಬೆಳಿಗ್ಗೆ ಗಾಜಿನ ಸೇತುವೆ ಕೆಳಗೆ ಬಂಡೆ ಮೇಲಿನ ಪಾಚಿ ಕೆರೀತಿದ್ದ. ಏನಾಯ್ತೋ ಏನೋ,” ಎಂದ ಮ್ಯಾನೇಜರ್.

ಮುಳುಗನಿಗೆ ಅಳಬೇಕು ಎನಿಸಿತು, ಅಳು ಬರಲಿಲ್ಲ. ಎಷ್ಟೋ ಮನೆಯವರ ಅಳು ಕೇಳಿ ಕೇಳಿ ಅವನ ಪಾಲಿನದು ಎಲ್ಲೋ ಸವೆದುಹೋಗಿತ್ತು.

ಕಂಬದ ಮೇಲಿನ ಸ್ಪೀಕರ್ ಯಾರ ಸಾವಿಗೂ ಬಾಯಿ ಮುಚ್ಚುವಂಥದಲ್ಲ. “ಪ್ರಿಯ ಪ್ರವಾಸಿಗರೇ, ನೂರು ವರ್ಷಗಳ ಹಿಂದೆ ನಿರ್ಜನ ಕಾಡಿನ ನಡುವೆ ಈ ಜಲಪಾತವನ್ನು ಕಂಡುಹಿಡಿದ ಮಹನೀಯರು…” ಎಂದು ಹೆಂಗಸೊಬ್ಬಳ ನಯವಾದ ದನಿ ಶುರುವಾಯಿತು. ಅಲ್ಲಿಯವರೆಗೆ ನೀರು ಬೀಳದೆ ಕಾಯುತ್ತ ನಿಂತಿತ್ತೇನೋ! ಆ ಮಹನೀಯರನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ತಂದವರಲ್ಲಿ ಮುಳುಗನ ಮುತ್ತಾತನೂ ಒಬ್ಬ. ಕೂತವರಿಗೆ ಪ್ರತಿಮೆಯಾಯಿತು, ಹೊತ್ತವರಿಗೆ ಹೆಗಲು ನೋವು ಉಳಿಯಿತು. ಮಡುವಿನಲ್ಲಿ ಮೀನು ಹಿಡಿದು ಬದುಕುತ್ತಿದ್ದವರ ಗುಡಿಸಲು ಕಿತ್ತ ಜಾಗದಲ್ಲಿ ಈಗ ಗುಲಾಬಿ ತೋಟವಿದೆ, ಮಕ್ಕಳ ರೈಲಿದೆ, ಕತ್ತಲಾದ ಮೇಲೆ ನೀರಿಗೆ ಬಣ್ಣ ಬಳಿಯುವ ದೀಪಗಳಿವೆ. ಗುಡಿಸಲು ಕಳೆದುಕೊಂಡವರಿಗೂ ಪಾರ್ಕಿನಲ್ಲಿ ಕೆಲಸ ಕೊಟ್ಟರು, ಇಲ್ಲವೆನ್ನುವಂತಿಲ್ಲ. ಕಸ, ಕಕ್ಕಸು, ಹೆಣ.

“ಇಲ್ಲಿ ಕೇಳು,” ಎಂದ ಮ್ಯಾನೇಜರ್. “ಇನ್ನೇನು ಮಂತ್ರಿಗಳು ಬರ್ತಾರೆ. ಗಾಜಿನ ಸೇತುವೆ ಉದ್ಘಾಟನೆ. ಅವರು ಮೇಲೆ ನಿಂತಾಗ ಇವನು ಕೆಳಗೆ ತೇಲಿದರೆ ನನ್ನ ಕಥೆ ಮುಗೀತು. ಈಗ ಇಳಿ. ಹುಡುಕಿ, ನೀರೊಳಗೇ ಬಂಡೆಗೆ ಕಟ್ಟಿಬಿಡು. ಸಂಜೆ ಗೇಟು ಹಾಕಿದ ಮೇಲೆ ಹಿಂದಿನ ದಾರೀಲಿ ತಗೊಂಡು ಹೋದ್ರಾಯ್ತು.”

ಕಟ್ಟಿಡುವುದು ಹೊಸದಲ್ಲ. ರಜೆಯ ದಿನ ಜನಜಾತ್ರೆ ಇದ್ದರೆ ಹೆಣವೂ ಸರದಿ ಕಾಯಬೇಕು. ಹಾಗೆ ಕಟ್ಟಿ ಬಂದು ಮರದ ಕೆಳಗೆ ಕೂತು ಮುಳುಗ ಊಟ ಮಾಡಿದ್ದೂ ಉಂಟು. ಅವೆಲ್ಲ ಯಾರದೋ ಮನೆಯ ಹೆಣಗಳು.

“ಇನ್ನೊಂದು,” ಎಂದು ಕಂಟ್ರಾಕ್ಟರ್ ಹತ್ತಿರ ಬಂದ. “ಸೊಂಟದಲ್ಲಿ ಹಗ್ಗದ ತುಂಡು ಇರುತ್ತೆ. ಬಿಚ್ಚಿ ನೀರಿಗೆ ಬಿಡು. ಅವನು ನನ್ನ ಆಳಲ್ಲ. ಕುಡಿದು ಬಂದು ಬಿದ್ದಿದ್ದಾನೆ.”

“ಭಾವ ಕುಡಿಯಲ್ಲ ಸಾರ್.”

“ಈಗ ಕುಡಿದಿದ್ದಾನೆ ಬಿಡು, ಹೊಟ್ಟೆ ತುಂಬ. ನಿಮ್ಮಕ್ಕನಿಗೆ ಏನಾದ್ರೂ ಮಾಡೋಣ. ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತಾರೆ. ನೀನು ಬಾಯಿ ಮುಚ್ಕೊಂಡು ಬದುಕು.”

ಅಕ್ಕ ಹಿಂದಿನ ಗೇಟಿನಲ್ಲಿ, ಕಸದ ತೊಟ್ಟಿಗಳ ನಡುವೆ ನಿಂತಿದ್ದಳು. ತಮ್ಮನನ್ನು ಕಂಡು ಅವಳೂ ಅಳಲಿಲ್ಲ. ಅವನ ಹಿಂದೆಯೇ ಕಡಿದಾದ ಕಾಲುದಾರಿ ಇಳಿಯತೊಡಗಿದಳು.

“ಹಗ್ಗ ಕೊಳೆತಿದೆ ಅಂತ ನಿನ್ನೆನೇ ಇವರು ಹೇಳಿದ್ರಂತೆ ಕಣೋ,” ಎಂದಳು, ಇಳಿಯುತ್ತಲೇ. “ಹೊಸದು ಕೊಡಿ ಅಂದಿದ್ದಕ್ಕೆ, ನಿನ್ನ ತೂಕಕ್ಕೆ ಇದೇ ಜಾಸ್ತಿ ಹೋಗೋ ಅಂದನಂತೆ ಆ ಹಲ್ಕಾ ಕಂಟ್ರಾಕ್ಟರ್. ಮನೆಗೆ ಬಂದು ನಗ್ತಾ ನಗ್ತಾ ಹೇಳಿದ್ರು.”

ಮುಳುಗ ಅಂಗಿ ಕಳಚಿ ಅವಳ ಕೈಗೆ ಕೊಟ್ಟು ನೀರಿಗಿಳಿದ.

ನೀರು ಎಂದಿನಂತೆ ಎಲುಬಿಗೇ ಕೈ ಹಾಕಿತು. ಕೆಟ್ಟುಹೋಗಿದ್ದ ಎಡಗಿವಿ ಒಳಗೆ ಚುಚ್ಚತೊಡಗಿತು. ಎರಡು ಸಲ ಮೇಲೆ ಬಂದು ಉಸಿರೆಳೆದುಕೊಂಡ. ಮೂರನೆಯ ಸಲ ಭಾವ ಸಿಕ್ಕಿದ. ಎರಡು ಬಂಡೆಗಳ ಸಂದಿಯಲ್ಲಿ, ಏನನ್ನೋ ಹುಡುಕಲು ಬಗ್ಗಿದವನ ಹಾಗಿದ್ದ. ಸೊಂಟದ ಹಗ್ಗದ ತುಂಡು ಸುಳಿಯಲ್ಲಿ ಆಡುತ್ತಿತ್ತು. ಮುಳುಗನ ಕೈ ತಾನಾಗಿಯೇ ಆ ಗಂಟಿಗೆ ಹೋಯಿತು. ಹೇಳಿದ್ದು ಮಾಡಿ ಮಾಡಿ ಕೈಗೂ ರೂಢಿಯಾಗಿಬಿಟ್ಟಿತ್ತು. ಥೂ, ಇದೂ ಒಂದು ಕೈಯೇ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಗಂಟನ್ನು ಬಿಚ್ಚದೆ ಹಾಗೇ ಬಿಟ್ಟು ಭಾವನ ಕಂಕುಳಿಗೆ ತೋಳು ಹಾಕಿದ.

ದಡದಲ್ಲಿ ಅಕ್ಕ ಗಂಡನ ಹಣೆಯ ಮೇಲಿನ ಕೂದಲು ಸರಿಸಿದಳು. ಅಂಗಿಯ ಬಿಚ್ಚಿದ ಗುಂಡಿ ಹಾಕಿದಳು.

“ಸಂಜೆವರೆಗೂ ಕಟ್ಟಿಡು ಅಂದಿದ್ದಾರೆ ಅಕ್ಕ.”

“ಎಲ್ಲಿ?”

“ನೀರೊಳಗೆ.”

ಅಕ್ಕ ಗಂಡನ ಒದ್ದೆ ಕೈಯನ್ನು ಸೆರಗಿನಿಂದ ಒರೆಸಿದಳು. “ಚಳಿ ಆಗಲ್ವೇನೋ ಅವರಿಗೆ?” ಎಂದಳು ಆಮೇಲೆ.

ಮುಳುಗ ಹಿಂದಿನ ದಾರಿಯತ್ತ ನೋಡಿದ. ಹೆಣ ಹೊತ್ತು ಅದನ್ನು ಹತ್ತಲು ಇಬ್ಬರು ಗಟ್ಟಿಗರು ಬೇಕು. ಮುಂದೆ ಹಿಡಿಯುವವನು ಯಾವಾಗಲೂ ಭಾವನೇ ಆಗಿದ್ದ. ಏದುಸಿರು ಬಿಡುತ್ತ, ಏನಾದರೊಂದು ತಮಾಷೆ ಮಾಡುತ್ತ, ‘ಇವನು ಬದುಕಿದ್ದಾಗ ಇಷ್ಟು ಭಾರ ಇರಲಿಲ್ಲ ಕಣೋ’ ಎನ್ನುತ್ತಿದ್ದ. ಇನ್ನೊಂದು ಪಕ್ಕದಲ್ಲಿ ಪ್ರವಾಸಿಗರ ಮೆಟ್ಟಿಲಿತ್ತು. ಅಗಲವಾದ ಕಲ್ಲು, ಹಿಡಿಯಲು ಕಂಬಿ, ಅಲ್ಲಲ್ಲಿ ಕೂರಲು ಬೆಂಚು. ಅದನ್ನು ದಿನಾ ಗುಡಿಸುವವಳು ಅಕ್ಕನೇ ಆದರೂ ಜನ ಬಂದ ಮೇಲೆ ಅವಳು ಅಲ್ಲಿ ಕಾಲಿಡುವಂತಿರಲಿಲ್ಲ.

“ನನಗೆ ಆ ದಾರಿ ಹತ್ತೋಕೆ ಆಗಲ್ಲ ಅಕ್ಕ. ಸಾಕಾಗಿದೆ.”

“ಹಾಗಾದ್ರೆ ಇದನ್ನೇ ಹತ್ತು. ಕಾಲು ನಾನು ಹಿಡ್ಕೋತೀನಿ.”

ಹತ್ತಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಯಾರಿಗೂ ಏನೆಂದು ತಿಳಿಯಲಿಲ್ಲ. ಆಮೇಲೆ ಒಬ್ಬಾಕೆ ಕಿರುಚಿ ಮಗುವಿನ ಕಣ್ಣು ಮುಚ್ಚಿದಳು. ಜನ ಎರಡು ಬದಿಗೂ ಸರಿದು ಕಂಬಿಗೆ ಅಂಟಿಕೊಂಡರು. ಕೆಲವರು ಫೋನು ಎತ್ತಿದರು. “ಈಗ ನಿಮ್ಮ ಬಲಕ್ಕೆ ಮನಮೋಹಕ ಕಾಮನಬಿಲ್ಲನ್ನು ಕಾಣಬಹುದು,” ಎಂದಿತು ಸ್ಪೀಕರ್. ಯಾರೂ ಬಲಕ್ಕೆ ನೋಡಲಿಲ್ಲ. ಹಗ್ಗದ ತುಂಡು ಮೆಟ್ಟಿಲಿಂದ ಮೆಟ್ಟಿಲಿಗೆ ತೆವಳಿಕೊಂಡು ಬರುತ್ತಿತ್ತು.

“ಕೆಲಸ ಮಾಡೋವಾಗ ಬಿದ್ರಾ?” ಎಂದು ಮುದುಕರೊಬ್ಬರು ಕೇಳಿದರು.

“ಹೂಂ. ಈ ಸೇತುವೆ ಕೆಳಗೆ. ಹಗ್ಗ ಕೊಳೆತಿತ್ತು,” ಎಂದಳು ಅಕ್ಕ, ನಿಲ್ಲದೆ.

ಗಾಜಿನ ಸೇತುವೆಯ ಬಾಯಿಗೆ ಬರುವಷ್ಟರಲ್ಲಿ ಮುಳುಗನಿಗೆ ಕಣ್ಣು ಕತ್ತಲಿಟ್ಟಿತು. ರಿಬ್ಬನ್ನಿನ ಮುಂದೆ ಕೆಂಪು ಹಾಸು ಹಾಸಿದ್ದರು. ಭಾವನನ್ನು ಅದರ ಮೇಲೆ ಇಳಿಸಿ ಅಲ್ಲೇ ಕೂತುಬಿಟ್ಟ.

ಮ್ಯಾನೇಜರ್ ಓಡಿ ಬಂದ. “ಎತ್ತೋ! ಎತ್ತೋ ಸೂಳೆಮಗನೆ! ಕೆಲಸ ಕಳ್ಕೋತೀಯ!”

“ಇನ್ನು ಆಗಲ್ಲ ಸಾರ್. ಸುಸ್ತಾಗಿದೆ.”

“ಲೇ, ಯಾರ್ರೋ ಅಲ್ಲಿ? ಎತ್ರೋ ಇದನ್ನ!”

ಗಾರ್ಡುಗಳು ಒಬ್ಬರ ಮುಖ ಒಬ್ಬರು ನೋಡಿದರು. ತೋಟದ ಮಾಲಿ ಎರಡು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷ ಹೆಣ ಮುಟ್ಟುವ ಕೆಲಸವನ್ನು ಇಬ್ಬರಿಗೇ ಬಿಟ್ಟಿದ್ದರು. ಅವರಲ್ಲಿ ಒಬ್ಬ ಸತ್ತು ಮಲಗಿದ್ದ, ಇನ್ನೊಬ್ಬ ಏಳಲಾರೆ ಎನ್ನುತ್ತಿದ್ದ. ಕಂಟ್ರಾಕ್ಟರ್ ಕರ್ಚೀಫು ಸುತ್ತಿದ ಕೈಯಿಂದ ಹಗ್ಗಕ್ಕೆ ಬಾಗಿದ. ಅಕ್ಕ ಹಗ್ಗವನ್ನು ಸರಕ್ಕನೆ ಎಳೆದು ಮುಷ್ಟಿಗೆ ಸುತ್ತಿಕೊಂಡಳು.

“ಮುಟ್ಟು ನೋಡೋಣ, ನಿನ್ನಜ್ಜಿ!”

ಅವನು ಮುಟ್ಟಲಿಲ್ಲ. ಗೇಟಿನ ಕಡೆ ಸೈರನ್ ಕೇಳಿಸಿತು.

“ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ ಕಣಪ್ಪ,” ಎಂದ ಮ್ಯಾನೇಜರ್. ದನಿಯೇ ಬೇರೆಯಾಗಿತ್ತು. “ಒಂದೇ ಒಂದು ಸಲ ಎತ್ತಿಬಿಡು.”

“ಕಾಲಿಗೆ ಬೀಳೋಕೆ ಬಗ್ಗಬೇಕಲ್ಲ ಸಾರ್. ಬಗ್ಗಿದ್ದೇ ಆದ್ರೆ ಇವರನ್ನೇ ಎತ್ತಿಬಿಡಿ.”

ಅಷ್ಟು ಹೇಳುವುದಕ್ಕೂ ಅವನಿಗೆ ಉಸಿರು ಸಾಲಲಿಲ್ಲ. ಒದ್ದೆ ಮೈಯಲ್ಲೇ ಭಾವನ ಪಕ್ಕಕ್ಕೆ, ಕೆಂಪು ಹಾಸಿನ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದ. ಇಬ್ಬರಲ್ಲಿ ಸತ್ತವನು ಯಾರು ಎಂಬುದನ್ನು ಬರುವವರು ಇನ್ನು ಅಕ್ಕನನ್ನೇ ಕೇಳಬೇಕಿತ್ತು. ಕಾರುಗಳು ಒಂದರ ಹಿಂದೆ ಒಂದು ಒಳಗೆ ಬಂದು ನಿಂತವು.